ಧನುರ್ಮಾಸ ಕಳೆಯಲಿ ಎಂದೆ

ನನ್ನ ಕತ್ತಿನ ಬುಡದಲ್ಲಿ, ಸರಿಯಾಗಿ ನಡುವೆ, ಎಂಟಾಣೆ ನಾಣ್ಯದಷ್ಟು ಅಗಲದ ಒಂದು ತೂತಿದೆ. ಉಸಿರಾಡುವುದು, ಕೆಮ್ಮುವುದು, ಸೀನುವುದು ಎಲ್ಲ ಅದರಲ್ಲೇ. ಮೂಗು ಮುಖದ ಮೇಲೆ ಶಾಸ್ತ್ರಕ್ಕೆ ಇದೆ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಎದುರಿಗೆ ಸಿಕ್ಕವರು ಮೊದಲು ನೋಡುವುದೂ ಅದನ್ನೇ, ನೋಡಲಿಲ್ಲವೆಂದು ನಟಿಸುವುದೂ ಅದನ್ನೇ. ನಿಮಗೂ ಗಂಟಲಿನ ಕ್ಯಾನ್ಸರ್ ಎಂದು ಹೇಳಿ ಕೈಗೊಂದು ರಿಪೋರ್ಟು ಕೊಟ್ಟಿದ್ದರೆ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಯಾರನ್ನು ಕೇಳಲಿ ಎಂದು ನೋಡುತ್ತಿದ್ದರೆ, ನಾನು ಬರೆಯುತ್ತಿರುವುದು ನಿಮಗೆ. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಚೆನ್ನಾಗಿದ್ದಾಗಲೂ ಬರುತ್ತಿರಲಿಲ್ಲ.

ನಾನು ಮೈಸೂರಿನ ಅಗ್ರಹಾರದಲ್ಲಿ ಪೌರೋಹಿತ್ಯ ಮಾಡುತ್ತಿದ್ದವನು. ಮದುವೆ, ಮುಂಜಿ, ಗೃಹಪ್ರವೇಶ, ತಿಥಿ ಎಲ್ಲಕ್ಕೂ ಜನ ನನ್ನನ್ನು ಕರೆಯುತ್ತಿದ್ದದ್ದು ನನ್ನ ಕಂಠಕ್ಕೆ, ನನ್ನ ಗುಣಕ್ಕಲ್ಲ. ಮೈಕಿಲ್ಲದೆ ಛತ್ರದ ಊಟದ ಮನೆಯವರೆಗೆ ಕೇಳುವ ದನಿ. ಅಕ್ಷರ ಒಂದು ತಪ್ಪುತ್ತಿರಲಿಲ್ಲ, ಬೇರೆಯವರು ತಪ್ಪಿದರೆ ಬಿಡುತ್ತಲೂ ಇರಲಿಲ್ಲ. ನಮ್ಮ ಕಡೆ ಹಾಲಿಗೆ ಆಲು ಎನ್ನುವವರು, ಹೋಗು ಎನ್ನಲು ಓಗು ಎನ್ನುವವರು ಬೇಕಾದಷ್ಟು ಜನ. ಅಂಥವರ ಬಾಯಿಂದ ಸಂಕಲ್ಪ ಹೇಳಿಸುವಾಗ ನನಗೆ ಎಲ್ಲಿಲ್ಲದ ಹುರುಪು. ಲಕ್ಷ್ಮೀಪುರಂನ ಒಂದು ಮದುವೆಯಲ್ಲಿ, ಮುಹೂರ್ತ ಮೀರುತ್ತಿದ್ದರೂ, ವರನಿಂದ ಒಂದೇ ಶಬ್ದವನ್ನು ಏಳು ಸಲ ಹೇಳಿಸಿದ್ದೆ. ಮಹಾಪ್ರಾಣ ಹೊರಡದ ಬಾಯಿಗೆ ಮಂತ್ರ ಯಾತಕ್ಕೆ ಎಂದು ಎಲ್ಲರೆದುರಿಗೆ ಅಂದೆ. ಹುಡುಗ ಬಾಸಿಂಗದ ಹಿಂದೆ ಕೆಂಪಗಾದ. ಮನೆಗೆ ಬಂದು ನಾನು ಹೆಂಡತಿಗೆ ಅದನ್ನು ನಗುತ್ತ ಹೇಳಿದ್ದೆ, ಅವಳು ನಗಲಿಲ್ಲ.

ಹೆಂಡತಿಯ ಹೆಸರು ವಿಶಾಲಾಕ್ಷಿ. ನಮಗೆ ಮಕ್ಕಳಿಲ್ಲ. ಪಕ್ಕದ ಮನೆಯಲ್ಲಿ ತಮ್ಮ ನಾಗರಾಜ ಇದ್ದಾನೆ, ಅವನೂ ಪುರೋಹಿತನೇ, ವಿದ್ಯೆ ಹೇಳಿಕೊಟ್ಟವನು ನಾನು. ಅವನಿಗೆ ಭಕಾರ ಬರುವುದಿಲ್ಲ. ಐವತ್ತು ವರ್ಷ ದಾಟಿದರೂ ಭಾನುವಾರ ಅವನಿಗೆ ಬಾನುವಾರವೇ. ಅದಕ್ಕಾಗಿ ಅವನನ್ನು ಯಜಮಾನರ ಮುಂದೆ, ಅವನ ಹೆಂಡತಿಯ ಮುಂದೆ, ಅಡಿಗೆಯವರ ಮುಂದೆ ಬೈದಿದ್ದೇನೆ. ನಮ್ಮ ಬೀದಿಯ ದೇವಸ್ಥಾನದಲ್ಲಿ ಯುಗಾದಿಯ ಸಂಜೆ ಹೊಸ ಸಂವತ್ಸರದ ಪಂಚಾಂಗ ಓದಿ ಫಲ ಹೇಳುವುದು ಇಪ್ಪತ್ತೆರಡು ವರ್ಷಗಳಿಂದ ನನ್ನ ಹಕ್ಕಾಗಿತ್ತು. ಒಂದು ವರ್ಷ ಜ್ವರ ಬಂದಿದ್ದಾಗಲೂ ನಾಗರಾಜನಿಗೆ ಬಿಟ್ಟುಕೊಟ್ಟಿರಲಿಲ್ಲ.

ಇನ್ನೊಂದು ಮಾತು. ಮೂವತ್ತೈದು ವರ್ಷ ನಾನು ಕದ್ದು ಸಿಗರೇಟು ಸೇದಿದ್ದೇನೆ. ನಂಜನಗೂಡಿನ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ, ಶಲ್ಯವನ್ನು ತೆಗೆದು ಡಿಕ್ಕಿಯೊಳಗಿಟ್ಟು, ಸೇದಿ, ಏಲಕ್ಕಿ ಜಗಿದು ಮನೆಗೆ ಬರುತ್ತಿದ್ದೆ. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಡಾಕ್ಟರ ಎದುರಿಗೆ ಬಾಯಿಬಿಡಬೇಕಾಗಿ ಬಂದಾಗ ತಲೆ ತಗ್ಗಿಸಿದೆ. ವಿಶಾಲು, ಮದುವೆಯಾದ ಮೂರನೇ ದಿನವೇ ನನಗೆ ಗೊತ್ತಾಗಿತ್ತು, ಎಂದಳು. ಅಷ್ಟೂ ವರ್ಷ ಏಲಕ್ಕಿ ತಂದಿಟ್ಟವಳು ಅವಳೇ ಎಂಬುದು ಆಗ ಹೊಳೆಯಿತು.

ದನಿ ಒಡೆದದ್ದು ನವರಾತ್ರಿಯಲ್ಲಿ. ಪಾರಾಯಣ ಮಾಡಿ ಗಂಟಲು ಕಟ್ಟಿದೆ ಎಂದುಕೊಂಡೆ. ಜ್ಯೇಷ್ಠಮಧು ಜಗಿದೆ, ಮೆಣಸಿನ ಕಷಾಯ ಕುಡಿದೆ. ದೀಪಾವಳಿಗೆ ದನಿ ಗೊಗ್ಗರಾಯಿತು, ಕಾರ್ತಿಕ ಕಳೆಯುವ ಹೊತ್ತಿಗೆ ಸಂಕಲ್ಪದ ನಡುವೆ ನಿಂತೇ ಹೋಗತೊಡಗಿತು. ವಿಶಾಲು ಕೈ ಹಿಡಿದು ಎಳೆದುಕೊಂಡು ಹೋದಳು. ಮೂಗಿನೊಳಗೆ ಪೈಪು ಬಿಟ್ಟು ನೋಡಿದರು, ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಬಂದ ದಿನ ಡಾಕ್ಟರಮ್ಮ ಸುತ್ತಿ ಬಳಸಿ ಹೇಳಲಿಲ್ಲ. ನನ್ನ ಮಗಳಾಗಬಹುದಾದ ವಯಸ್ಸಿನ ಹೆಂಗಸು. ಕ್ಯಾನ್ಸರ್, ಸದ್ಯ ಧ್ವನಿಪೆಟ್ಟಿಗೆಯೊಳಗೇ ಇದೆ, ಈ ವಾರವೇ ಕರೆಂಟು ಶುರು ಮಾಡಿದರೆ ಧ್ವನಿ ಉಳಿಸಿಕೊಡಬಹುದು, ತಡ ಮಾಡಿದರೆ ನಾನು ಜವಾಬ್ದಾರಳಲ್ಲ, ಎಂದರು. ಕರೆಂಟು ಎಂದರೆ ರೇಡಿಯೇಶನ್. ಆಸ್ಪತ್ರೆಯಲ್ಲಿ ಎಲ್ಲರೂ ಅದಕ್ಕೆ ಹಾಗೇ ಅನ್ನುವುದು.

ಹೊರಗೆ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದವನು ಸಾದಿಕ್, ಉದಯಗಿರಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನು. ಅವನಿಗೂ ಅದೇ ಜಾಗದಲ್ಲಿ ಅದೇ ಕಾಯಿಲೆ, ರಿಪೋರ್ಟು ಬಂದದ್ದೂ ಅವತ್ತೇ. ನನ್ನ ಮುಖ ನೋಡಿ ಯಾವಾಗಿಂದ ಎಂದು ಕೇಳಿದ. ನಾನು ಮುಖ ತಿರುಗಿಸಿದೆ. ಅವನಿಗೆ ಅದರಿಂದ ಏನೂ ಅನ್ನಿಸಿದಂತೆ ಕಾಣಲಿಲ್ಲ. ಸೋಮವಾರ ಬಂದು ಮಲಗುತ್ತೇನೆ, ಅಂಗಡಿ ಚಿಕ್ಕಪ್ಪನ ಮಗ ನೋಡಿಕೊಳ್ಳುತ್ತಾನೆ ಎಂದು ತಾನಾಗಿಯೇ ಹೇಳಿ ಎದ್ದುಹೋದ.

ನಾನು ಮನೆಗೆ ಬಂದು ಪಂಚಾಂಗ ತೆಗೆದೆ. ಇನ್ನೊಂದು ವಾರಕ್ಕೆ ಧನುರ್ಮಾಸ. ಧನುರ್ಮಾಸದಲ್ಲಿ ಶುಭವೆಂಬುದನ್ನು ಯಾರೂ ಶುರು ಮಾಡುವುದಿಲ್ಲ. ಆ ವಾರದಲ್ಲೇ ಶುರು ಮಾಡೋಣವೆಂದರೆ ನನ್ನ ನಕ್ಷತ್ರಕ್ಕೆ ತಾರಾಬಲ ಇರಲಿಲ್ಲ. ಸಂಕ್ರಾಂತಿ ಆಗಲಿ ಎಂದೆ. ವಿಶಾಲು ಅತ್ತಳು. ನಾಗರಾಜ ಬಂದು, ಅಣ್ಣಾ, ಆಪತ್ತಿಗೆ ಮುಹೂರ್ತ ಇಲ್ಲ ಅಂತ ನೀನೇ ಅಲ್ವಾ ಕಲಿಸಿದ್ದು, ಎಂದ. ಆಪತ್ತು ಎಂಬುದರಲ್ಲಿ ಅವನು ಪಕಾರಕ್ಕೆ ಕೊಟ್ಟ ಒತ್ತು ಸರಿಯಿಲ್ಲವೆಂದು ನಾನು ಅವನನ್ನು ತಿದ್ದಿದೆ. ದೇವರಾಣೆಗೂ ನಿಜ, ತಿದ್ದಿದೆ.

ಅವನು ಹೇಳಿದ್ದು ಸರಿಯಾಗಿತ್ತು. ಶಾಸ್ತ್ರದಲ್ಲಿ ರೋಗಿಗೆ ಕಾಲನಿಯಮವಿಲ್ಲ. ನನಗಿದ್ದದ್ದು ಭಯ, ಆ ಭಯಕ್ಕೆ ಪಂಚಾಂಗ ಒಳ್ಳೆಯ ನೆಪವಾಯಿತು. ಹೆದರಿದ್ದೇನೆ ಎಂದರೆ ಮಾನ ಹೋಗುತ್ತದೆ, ದಿನ ಚೆನ್ನಾಗಿಲ್ಲ ಎಂದರೆ ಹೋಗುವುದಿಲ್ಲ. ಸಂಕ್ರಾಂತಿ ಆಯಿತು. ಆಮೇಲೆ ಮಾಘದಲ್ಲಿ ಎರಡು ಮದುವೆ ಒಪ್ಪಿಕೊಂಡಿದ್ದೆ, ಅವು ಮುಗಿಯಲಿ ಎಂದೆ. ಎರಡನೆಯ ಮದುವೆಯಲ್ಲಿ ಮಾಂಗಲ್ಯಧಾರಣೆಯ ಹೊತ್ತಿಗೆ ಬಾಯಿಂದ ಬರೀ ಗಾಳಿ ಬಂತು. ಮಂತ್ರವನ್ನು ನಾಗರಾಜ ಹೇಳಿ ಮುಗಿಸಿದ.

ಮತ್ತೆ ಸ್ಕ್ಯಾನ್ ಮಾಡಿಸಿದರು. ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಗಂಟು ಮೃದುವೆಲುಬು ದಾಟಿತ್ತು. ಈಗ ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು, ಜೀವ ಉಳಿಯುತ್ತೆ, ದನಿ ಉಳಿಯಲ್ಲ ಎಂದರು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ದಿನ ನೋಡುತ್ತಿದ್ದೆ ಎಂದು ಪಿಸುಗುಟ್ಟಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನರ್ಸಿನ ಕಡೆ ತಿರುಗಿ, ಮಂಗಳವಾರ ಹಾಕ್ಕೊಳ್ಳಮ್ಮ, ಎಂದರು.

ಆಪರೇಶನ್ನಿನ ಬಗ್ಗೆ ಹೇಳುವುದೇನಿಲ್ಲ, ನಾನು ನಿದ್ದೆ ಮಾಡುತ್ತಿದ್ದೆ. ಎಚ್ಚರವಾದ ಮೇಲಿನದು ಕಷ್ಟ. ನೋವಾದರೆ ಅಮ್ಮಾ ಎನ್ನಲಾಗುವುದಿಲ್ಲ. ಕೆಮ್ಮಿದರೆ ಕಫ ಕತ್ತಿನಿಂದ ಹಾರಿ ಹೊದಿಕೆಯ ಮೇಲೆ ಬೀಳುತ್ತದೆ. ಮೂಗಿಗೆ ವಾಸನೆ ತಿಳಿಯುವುದಿಲ್ಲ, ಹಾಗಾಗಿ ಅನ್ನಕ್ಕೂ ಗಂಜಿಗೂ ವ್ಯತ್ಯಾಸವಿಲ್ಲ. ಮೊದಲ ಸಲ ಕನ್ನಡಿ ಕೊಟ್ಟಾಗ ಎಸೆದೆ. ಅದು ಪ್ಲಾಸ್ಟಿಕ್ಕಿನದು, ಒಡೆಯಲಿಲ್ಲ. ಆಯಾ ಅದನ್ನು ಎತ್ತಿ ಒರೆಸಿ ಮತ್ತೆ ನನ್ನ ತಲೆದಿಂಬಿನ ಪಕ್ಕವೇ ಇಟ್ಟಳು, ನಾಳೆ ಬೇಕಾಗ್ತದೆ ಎಂದಳು. ಬೇಕಾಯಿತು.

ಮಾತಿಗೆ ವಿಶಾಲು ಸ್ಲೇಟು ತಂದುಕೊಟ್ಟಳು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಕೊನೆಯ ಮಾತು ಯಾವಾಗಲೂ ನನ್ನದೇ ಆಗಿತ್ತು. ಈಗ ನಾನು ಸಿಟ್ಟಿನಲ್ಲಿ ಗೀಚಿ ಗೀಚಿ ಸ್ಲೇಟು ಎತ್ತಿ ಹಿಡಿದರೆ ಅವಳು ಕನ್ನಡಕ ಇಲ್ಲ ಎಂದು ಒಳಗೆ ಹೋಗುತ್ತಿದ್ದಳು. ಕನ್ನಡಕ ಅವಳ ತಲೆಯ ಮೇಲೆಯೇ ಇರುತ್ತಿತ್ತು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯುತ್ತಿರಲಿಲ್ಲ, ಕೇಳಲು ಬಾಯಿಯೂ ಇರಲಿಲ್ಲ.

ಮನೆಗೆ ಬಂದ ಮೇಲೆ ಸಂಧ್ಯಾವಂದನೆಗೆ ಕೂತೆ. ಅಭ್ಯಾಸಬಲದಿಂದ ಪ್ರಾಣಾಯಾಮಕ್ಕೆ ಮೂಗು ಹಿಡಿದೆ. ಹೊಳ್ಳೆ ಎರಡನ್ನೂ ಒತ್ತಿ ಹಿಡಿದಿದ್ದರೂ ಉಸಿರು ಕತ್ತಿನಲ್ಲಿ ತನ್ನ ಪಾಡಿಗೆ ಸುಸ್ಸೆಂದು ಆಡುತ್ತಿತ್ತು. ನಾನು ಹಿಡಿದದ್ದು ಬರೀ ಚರ್ಮ. ಅವತ್ತು ಪಂಚಪಾತ್ರೆ ಮಗುಚಿ ಎದ್ದುಬಿಟ್ಟೆ. ನದಿಯಲ್ಲಿ ಮುಳುಗುವಂತಿಲ್ಲ, ತಲೆಯ ಮೇಲೆ ತಂಬಿಗೆ ನೀರು ಸುರಿದುಕೊಳ್ಳುವಂತಿಲ್ಲ, ಕತ್ತಿನೊಳಗೆ ನೀರು ಹೋದರೆ ಪುಪ್ಪುಸಕ್ಕೇ ಹೋಗುತ್ತದೆ. ಇಂಥವನನ್ನು ಯಾರು ತಾನೇ ಪೌರೋಹಿತ್ಯಕ್ಕೆ ಕರೆದಾರು? ಕರೆಯಲಿಲ್ಲ. ಮೂವತ್ತು ವರ್ಷದ ಮನೆಗಳು ಒಂದೊಂದಾಗಿ ನಾಗರಾಜನವಾದವು. ನೋಡಲು ಬಂದವರು ಹೊಸಿಲ ಹತ್ತಿರವೇ ನಿಂತು, ಪಾಪ, ಎಂಥಾ ಕಂಠ, ಎನ್ನುತ್ತಿದ್ದರು. ನನ್ನ ಕಿವಿ ಚೆನ್ನಾಗಿದೆ ಎಂಬುದು ಅವರಿಗೆ ಮರೆತೇಹೋಗಿತ್ತು.

ಆ ವರ್ಷದ ಯುಗಾದಿ ಬಂದಾಗ ನನಗೆ ಕರೆಂಟು ನಡೆಯುತ್ತಿತ್ತು. ಆಪರೇಶನ್ ಆದ ಮೇಲೂ ಅದು ತಪ್ಪಲಿಲ್ಲ. ಕತ್ತೆಲ್ಲ ಸುಟ್ಟು ಕಪ್ಪಾಗಿತ್ತು. ವಿಶ್ವಾವಸು ಸಂವತ್ಸರದ ಪಂಚಾಂಗವನ್ನು ದೇವಸ್ಥಾನದಲ್ಲಿ ನಾಗರಾಜ ಓದಿದ. ಮೈಕಿನಿಂದ ಅದು ನಮ್ಮ ಜಗುಲಿಗೆ ಕೇಳಿಸುತ್ತಿತ್ತು. ತಪ್ಪುಗಳನ್ನು ಬೆರಳು ಮಡಿಸಿ ಎಣಿಸಿದೆ. ಎರಡೂ ಕೈಯ ಬೆರಳು ಮುಗಿದ ಮೇಲೆ ಬಿಟ್ಟೆ.

ಕರೆಂಟು ಮುಗಿದು ಎರಡು ತಿಂಗಳಿಗೆ ಯಂತ್ರ ಕೊಟ್ಟರು. ಸಣ್ಣ ಟಾರ್ಚಿನಷ್ಟಿದೆ. ಕತ್ತಿಗೆ ಒತ್ತಿಕೊಂಡು ಗುಂಡಿ ಅದುಮಿ ಬಾಯಾಡಿಸಿದರೆ ಮಾತು ಹೊರಡುತ್ತದೆ. ಏರಿಲ್ಲ, ಇಳಿತವಿಲ್ಲ. ಕೋಪಕ್ಕೂ ಪ್ರೀತಿಗೂ ಉಪ್ಪು ಕೇಳುವುದಕ್ಕೂ ಒಂದೇ ದನಿ. ಅದನ್ನು ಕಲಿಸಿದ ಹುಡುಗಿ ಅಕ್ಷರಗಳನ್ನು ಒಂದೊಂದಾಗಿ ಹೇಳಿಸಿದಳು. ಹಕಾರಕ್ಕೆ ಬಂದಾಗ ನಿಂತಿತು. ಹ ಎನ್ನಬೇಕಾದರೆ ಬಾಯೊಳಗೆ ಉಸಿರು ಬೇಕು, ನನ್ನ ಉಸಿರು ಕತ್ತಿನಲ್ಲೇ ಹೊರಟುಹೋಗುತ್ತದೆ. ಘ, ಛ, ಧ, ಭ, ಯಾವುದೂ ಇಲ್ಲ. ಹಠ ಹಿಡಿದು ಒಂದು ಗಂಟೆ ಕೂತೆ. ಅದು ಬರಲ್ಲ ಸರ್, ಬಿಟ್ಬಿಡಿ, ಹ ಇಲ್ಲದಿದ್ರೆ ಏನಂತೆ, ಜನಕ್ಕೆ ಅರ್ಥ ಆಗತ್ತೆ, ಎಂದಳು. ಆ ಹುಡುಗಿಗೆ ಏನು ಗೊತ್ತು. ನಾನು ಮೂವತ್ತು ವರ್ಷ ಊರವರ ಮಾನ ಕಳೆದದ್ದು ಅದೊಂದು ಅಕ್ಷರಕ್ಕೆ.

ತಪಾಸಣೆಗೆ ಹೋದಾಗ ಸಾದಿಕ್ ಸಿಕ್ಕಿದ. ದೂರದಿಂದಲೇ ಸ್ವಾಮೇರೆ ಎಂದು ಕೂಗಿದ. ಕೂಗಿದ, ಬಾಯಿ ತುಂಬ. ದನಿ ಸ್ವಲ್ಪ ಒರಟಾಗಿತ್ತು, ಅಷ್ಟೇ. ಹೇಳಿದ ಸೋಮವಾರವೇ ಹೋಗಿ ಕರೆಂಟಿಗೆ ಮಲಗಿದ್ದನಂತೆ. ನನ್ನ ಕತ್ತು ನೋಡಿ ಹತ್ತಿರ ಬಂದ. ನಾನು ಯಂತ್ರ ಒತ್ತಿ, ಏಗಿದ್ದೀಯಪ್ಪ, ಎಂದೆ. ಅವನು ನಕ್ಕುಬಿಟ್ಟ.

“ಬುಡಿ ಸ್ವಾಮೇರೆ, ಈಗ ನೀವೂ ನಮ್ಮಂಗೇ ಮಾತಾಡ್ತೀರ. ಅಲ್ಲಾ, ಅವತ್ತು ಇಬ್ರೂ ಒಂದೇ ಬೆಂಚ್ನಾಗೆ ಕುಂತಿದ್ವಿ. ಯಾಕ್ ಬರ್ಲಿಲ್ಲ ನೀವು?”

ಆ ಪ್ರಶ್ನೆಯನ್ನು ಹೊತ್ತುಕೊಂಡು ಮನೆಗೆ ಬಂದೆ. ನನಗಿಂತ ಮೊದಲು ನಾನು ಎಷ್ಟು ಜನಕ್ಕೆ ಹಾಗೆ ದಿನ ನೋಡಿ ಕೊಟ್ಟಿದ್ದೆ. ಹೆರಿಗೆಗೆ, ಹೃದಯದ ಆಪರೇಶನ್ನಿಗೆ, ಗರ್ಭಕೋಶ ತೆಗೆಸುವುದಕ್ಕೆ. ಡಾಕ್ಟರು ನಾಳೆ ಎಂದರೆ ನಾನು ಹದಿನೈದು ದಿನ ತಳ್ಳಿದ್ದೇನೆ. ಕಾದವರಲ್ಲಿ ಎಷ್ಟು ಮಂದಿ ಈಗ ಇದ್ದಾರೆ ಎಂದು ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಇಂದಿಗೂ ಇಲ್ಲ. ಕೇಳುವುದಾಗದಿದ್ದರೆ ಹೇಳುವುದಾದರೂ ಆಗಲಿ ಎಂದು ನಿಶ್ಚಯಿಸಿದೆ. ಮುಂದಿನ ಯುಗಾದಿಗೆ ದೇವಸ್ಥಾನದಲ್ಲಿ, ಎಲ್ಲರ ಮುಂದೆ, ನನ್ನ ತಪ್ಪನ್ನು ಈ ದನಿಯಲ್ಲೇ ಹೇಳುತ್ತೇನೆ. ಹೊಸ ವರ್ಷಕ್ಕೆ ನಾನು ಮಾಡಿಕೊಂಡ ಸಂಕಲ್ಪ ಅದೊಂದೇ. ಬರುವ ಸಂವತ್ಸರದ ಹೆಸರು ಪರಾಭವ. ಪರಾಭವವೆಂದರೆ ಸೋಲು. ನನಗೆ ಹೇಳಿಮಾಡಿಸಿದ ಹಾಗಿತ್ತು.

ವಿಶಾಲುಗೆ ಹೇಳಿದೆ. ನೀವು ಹೇಳಿದಾಗ ನೋಡೋಣ ಎಂದಳು.

ಹಬ್ಬಕ್ಕೆ ಹದಿನೈದು ದಿನ ಇರುವಾಗ ದೇವಸ್ಥಾನದ ಧರ್ಮದರ್ಶಿ ಸೀತಾರಾಮಯ್ಯನವರ ಮನೆಗೆ ಹೋದೆ. ಓದುವುದು ಬೇಡ, ಓದಿದ ಮೇಲೆ ಎರಡು ನಿಮಿಷ ಮಾತಾಡಲು ಬಿಡಿ ಎಂದು ಕೇಳಿದೆ. ಅವರು ಕಾಫಿ ತರಿಸಿದರು.

“ತಪ್ಪು ತಿಳೀಬೇಡಿ ಶಾಸ್ತ್ರಿಗಳೇ. ಅಂಗದಲ್ಲಿ ಊನ ಇದ್ದೋರು ದೇವಕಾರ್ಯದಲ್ಲಿ ಮುಂದೆ ನಿಲ್ಲಬಾರದು ಅಂತ ನೀವೇ ಹೇಳಿದ್ದು. ಸುಬ್ಬಣ್ಣನಿಗೆ.”

ಸುಬ್ಬಣ್ಣ ಎಂಬ ಬಡ ಬ್ರಾಹ್ಮಣ ತಿಥಿಯ ಮನೆಗಳಲ್ಲಿ ಪಿತೃಗಳ ಪರವಾಗಿ ಎಲೆಗೆ ಕೂತು ಜೀವನ ಮಾಡುತ್ತಿದ್ದ. ರುಬ್ಬುವ ಯಂತ್ರಕ್ಕೆ ಸಿಕ್ಕಿ ಅವನ ಎರಡು ಬೆರಳು ಹೋಯಿತು. ಎಲೆಯ ಮುಂದೆ ಕೂತವನನ್ನು ಎಬ್ಬಿಸಿದವನು ನಾನು. ಆಮೇಲೆ ಅವನನ್ನು ಯಾರೂ ಕರೆಯಲಿಲ್ಲ, ಅವನು ಊರು ಬಿಟ್ಟ. ಅದನ್ನು ನಾನು ಮರೆತಿದ್ದೆ. ಸೀತಾರಾಮಯ್ಯನವರು ಮರೆತಿರಲಿಲ್ಲ, ಇಂಥ ದಿನಕ್ಕೆ ಎತ್ತಿಟ್ಟುಕೊಂಡಿದ್ದರೇನೋ. ನಾನು ಎದ್ದು ಬಂದೆ.

ಆದರೂ ಯುಗಾದಿಯ ಸಂಜೆ ದೇವಸ್ಥಾನಕ್ಕೆ ಹೋದೆ. ವಿಶಾಲು ರೇಷ್ಮೆ ಸೀರೆಯುಟ್ಟು ಹೆಂಗಸರ ಸಾಲಿನಲ್ಲಿ ಕೂತಳು. ನಾಗರಾಜ ಪರಾಬವ ನಾಮ ಸಂವತ್ಸರೇ ಎಂದು ಶುರು ಮಾಡಿದ. ಬಕಾರ ಬಂದಾಗ ಅವನ ಕಣ್ಣು ತಾನಾಗಿ ನನ್ನ ಕಡೆ ತಿರುಗಿತು, ಬೈಗುಳಕ್ಕೆ ಕಾದವನ ಹಾಗೆ. ನಾನು ಕೈಮುಗಿದೆ. ಈ ವರ್ಷ ರಾಜ ಯಾರು, ಮಂತ್ರಿ ಯಾರು, ಮಳೆ ಎಷ್ಟು ಕೊಳಗ, ಜ್ಯೇಷ್ಠ ಅಧಿಕಮಾಸ ಬಂದಿರುವುದರಿಂದ ಮದುವೆಗಳು ಯಾವಾಗ, ಎಲ್ಲ ಓದಿದ. ಮುಗಿಸಿ ಪುಸ್ತಕಕ್ಕೆ ಕುಂಕುಮ ಇಟ್ಟ. ಜನ ಪಾನಕ ಕೋಸಂಬರಿಗೆ ಎದ್ದರು. ನಾನೂ ಎದ್ದೆ, ಮೈಕಿನ ಕಡೆಗೆ. ಸೀತಾರಾಮಯ್ಯನವರು ಬೇಡ ಎಂದು ದೂರದಿಂದ ಕೈಯಾಡಿಸಿದರು. ನಾಗರಾಜ ನನ್ನನ್ನು ನೋಡಿದ, ಅವರನ್ನು ನೋಡಿದ. ಆಮೇಲೆ ಮೈಕನ್ನು ಸ್ಟ್ಯಾಂಡಿನಿಂದ ಬಿಚ್ಚಿ ತಾನೇ ನನ್ನ ಬಾಯಿಗೆ ಹಿಡಿದ. ಐವತ್ತು ವರ್ಷ ನನ್ನಿಂದ ಬೈಸಿಕೊಂಡವನು ಹಿಡಿದ.

“ಡಾಕ್ಟ್ರು ಬೇಗ ಬಾ ಅಂದ್ರು. ನಾನು ದಿನ ನೋಡ್ತಾ ಕೂತೆ. ಅದಕ್ಕೇ ಈ ದನಿ. ಆಸ್ಪತ್ರೆಗೆ ಓಗೋಕೆ ಯಾರೂ ನನ್ನತ್ರ ದಿನ ಕೇಳ್ಬೇಡಿ. ಇಂದೆ ಕೇಳಿದೋರು ನನ್ನ ಕ್ಷಮಿಸಿ.”

ಮೈಕಿನಲ್ಲಿ ಆ ದನಿ ಎಷ್ಟು ಕೆಟ್ಟದಾಗಿ ಕೇಳುತ್ತದೆ ಎಂದು ನನಗೂ ಅವತ್ತೇ ಗೊತ್ತಾದದ್ದು. ಮುಂದಿನ ಸಾಲಿನ ಮಗುವೊಂದು ಕಿರುಚಿ ಅತ್ತಿತು. ಅದರ ತಾಯಿ ಕಿವಿ ಮುಚ್ಚಿ ಎತ್ತಿಕೊಂಡು ಹೋದಳು. ಅರ್ಧ ಜನ ಆಗಲೇ ಕೋಸಂಬರಿಯ ಸಾಲಿನಲ್ಲಿದ್ದರು, ಅವರು ತಿರುಗಿ ನೋಡಿ ಮತ್ತೆ ಮುಂದಕ್ಕೆ ಸರಿದರು. ಹಬ್ಬದ ದಿನ ಎಂಥಾ ಅಪಶಕುನ ನುಡಿಸಿಬಿಟ್ಟೆ ಎಂದು ಸೀತಾರಾಮಯ್ಯನವರು ನಾಗರಾಜನಿಗೆ ಬೈದರು. ನಾನು ಮೆಟ್ಟಿಲಿಳಿಯುವಾಗ ಒಬ್ಬರು ನಾಗರಾಜನನ್ನು ಪಕ್ಕಕ್ಕೆ ಕರೆದು, ಮಾವನವರ ಕಣ್ಣಿನ ಪೊರೆ ತೆಗೆಸಬೇಕು, ಈ ವಾರ ದಿನ ಹೇಗಿದೆ ಎಂದು ಕೇಳುತ್ತಿದ್ದರು. ನಾನು ಇಷ್ಟೆಲ್ಲ ಮಾಡಿ ಬದಲಾಯಿಸಿದ್ದು ಏನೂ ಇಲ್ಲ ಎಂದುಕೊಂಡೇ ಮನೆಗೆ ಬಂದೆ.

ವಿಶಾಲು ನನಗಿಂತ ಮುಂಚೆ ಬಂದಿದ್ದಳು. ಸೀರೆ ಬದಲಾಯಿಸಿರಲಿಲ್ಲ. ಅಡಿಗೆಮನೆಯಲ್ಲಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು, ಒಲೆ ಹತ್ತಿಸಿರಲಿಲ್ಲ.

“ನನಗೂ ಎದೇಲಿ ಒಂದು ಗಂಟಿದೆ ಕಣ್ರೀ. ಸಂಕ್ರಾಂತಿಯಿಂದ ಇದೆ.”

ನನಗೆ ಕೂಗಬೇಕೆನ್ನಿಸಿತು. ಆಕಾಶ ಹರಿಯುವಂತೆ ಕೂಗಬೇಕೆನ್ನಿಸಿತು. ಯಂತ್ರಕ್ಕೆ ಕೂಗು ಬರುವುದಿಲ್ಲ. ಯಾಕೆ ಹೇಳಲಿಲ್ಲ ಎಂದು ಅದು ಉಪ್ಪು ಕೇಳುವ ದನಿಯಲ್ಲಿ ಕೇಳಿತು.

“ಹೇಳಿದ್ರೆ ನೀವು ದಿನ ನೋಡ್ತೀರ ಅಂತ ಭಯ ಆಗಿತ್ತು. ಇವತ್ತು ಅಷ್ಟು ಜನದ ಮುಂದೆ ಹಾಗಂದ್ರಲ್ಲ, ಅದಕ್ಕೆ ಧೈರ್ಯ ಬಂತು.”

ಕಾಯಿಲೆ ನನ್ನಿಂದ ಗಂಟಲು ತೆಗೆದುಕೊಂಡಿತು, ಕೆಲಸ ತೆಗೆದುಕೊಂಡಿತು, ಊರಿನ ಮರ್ಯಾದೆ ತೆಗೆದುಕೊಂಡಿತು. ಅವೆಲ್ಲ ಸೇರಿಯೂ ಆ ಒಂದು ಮಾತಿನಷ್ಟು ನೋಯಿಸಿರಲಿಲ್ಲ. ಎರಡು ತಿಂಗಳು ಅವಳು ಆ ಗಂಟನ್ನು ಒಳಗಿಟ್ಟುಕೊಂಡು ನನ್ನ ಕತ್ತಿನ ಪಟ್ಟಿ ಬದಲಾಯಿಸಿದ್ದಳು, ಗಂಜಿ ಸೋಸಿದ್ದಳು. ಹೆದರಿದ್ದು ಕ್ಯಾನ್ಸರಿಗಲ್ಲ, ನನಗೆ. ನಾನು ನೆಲದ ಮೇಲೆ ಕೂತುಬಿಟ್ಟೆ. ಅವಳೂ ಪಕ್ಕದಲ್ಲಿ ಕೂತಳು. ಅಳುವಾಗ ನನಗೆ ಶಬ್ದ ಬರುವುದಿಲ್ಲ, ಕತ್ತಿನಲ್ಲಿ ಗಾಳಿ ಮಾತ್ರ ಬರುತ್ತದೆ. ಅವಳು ಸೆರಗಿನಿಂದ ನನ್ನ ಕತ್ತನ್ನು ಒರೆಸಿದಳು.

ಮಾರನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಮನೆ ಬಿಟ್ಟೆವು. ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರು. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಮಾತು ಎತ್ತಲಿಲ್ಲ. ಆಟೋದಲ್ಲಿ ಅವಳು ನನ್ನ ಕೈ ಹಿಡಿದುಕೊಂಡಿದ್ದಳು, ಬೀದಿಯಲ್ಲಿ ಹಾಗೆ ಹಿಡಿದವಳಲ್ಲ. ಅದೇ ಆಸ್ಪತ್ರೆ, ಅದೇ ಬೆಂಚು. ಎದೆಯ ಫೋಟೋ ತೆಗೆದರು, ಸೂಜಿ ಹಾಕಿ ನೋಡಿದರು, ಒಂದು ವಾರ ಕಾಯಿಸಿದರು. ಆ ವಾರ ನಾನು ಪಂಚಾಂಗದ ಪುಸ್ತಕವನ್ನು ನಾಗರಾಜನ ಮನೆಗೆ ಕೊಟ್ಟುಬಂದೆ.

ರಿಪೋರ್ಟು ನಾವು ಹೆದರಿದಂತೆಯೇ ಇತ್ತು. ನನ್ನನ್ನು ನೋಡಿದ ಡಾಕ್ಟರಮ್ಮನೇ ನಮ್ಮನ್ನು ಇನ್ನೊಬ್ಬ ಡಾಕ್ಟರ ಕೋಣೆಗೆ ಕರೆದುಕೊಂಡು ಹೋಗಿ, ಪಕ್ಕದಲ್ಲೇ ನಿಂತರು. ಸಣ್ಣ ಗಂಟಲ್ಲ, ಆದರೆ ಹೆಚ್ಚು ಹರಡಿಲ್ಲ, ಬೇಗ ತೆಗೆಯಬೇಕು ಎಂದು ಆ ಇನ್ನೊಬ್ಬ ಡಾಕ್ಟರು ಹೇಳಿದರು. ಆಮೇಲೆ ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ವ್ಯಂಗ್ಯವಿರಲಿಲ್ಲ. ನನ್ನ ಮೇಲೆ ನಂಬಿಕೆಯೂ ಇರಲಿಲ್ಲ.

“ಮಂಗಳವಾರ ಒಂದು ಜಾಗ ಖಾಲಿ ಇದೆ. ಬೇಡ ಅಂದ್ರೆ ಗುರುವಾರ, ಇಲ್ಲಾಂದ್ರೆ ಅದರ ಮುಂದಿನ ವಾರ. ಯಾವತ್ತು ಇಟ್ಕೊಳ್ಳೋಣ, ಶಾಸ್ತ್ರಿಗಳೇ?”

ವಿಶಾಲು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಯಂತ್ರವನ್ನು ಕತ್ತಿಗೆ ಒತ್ತಿದೆ.

“ಮೊದಲು ಯಾವುದು ಬರತ್ತೋ ಅದು ಬರ್ಕೊಳ್ಳಿ.”

ನಾಳೆ ಮಂಗಳವಾರ.